ಸೋಡಾ ಕೊಟ್ಟ ಪಾದ್ರಿ

ಸಂಜೆ ಆರು ದಾಟಿದ ಮೇಲೆ ನಮ್ಮ ಚಂದ್ರಾ ಲೇಔಟ್‌ನ 80 ಅಡಿ ರಸ್ತೆ ಕಡೆ ಹೋದ್ರೆ ನಿಂಬೆ ಸೋಡಾ ಸಿಗದೇ ಇರಲ್ಲ. ಅರ್ಧ ಹಣ್ಣು ಹಿಂಡಿ, ಉಪ್ಪಾ ಸಕ್ಕರೆನಾ ಅಂತ ಕೇಳಿ, ಮೇಲಿಂದ ಸೋಡಾ ಸುರಿದು ಕೈಗೆ ಕೊಡ್ತಾರೆ. ಎರಡು ನಿಮಿಷದಲ್ಲಿ ಲೋಟ ಖಾಲಿ. ಆದ್ರೆ ಆ ಲೋಟದಲ್ಲಿರುವ ಸೋಡಾ ಮತ್ತು ನಿಂಬೆ 250 ವರ್ಷದ ಹಿಂದೆ ಒಂದೇ ಕಾಯಿಲೆಗೆ ಔಷಧಿ ಅಂತ ಎದುರುಬದುರು ನಿಂತಿದ್ದವು ಅಂದ್ರೆ ನಂಬ್ತೀರಾ? ಆ ಕಥೆಯಲ್ಲಿ ಸೋಡಾ ಕಡೆ ನಿಂತಿದ್ದವರು ಜೋಸೆಫ್ ಪ್ರೀಸ್ಟ್ಲಿ. ಪಿಯುಸಿ ಕೆಮಿಸ್ಟ್ರಿಯಲ್ಲಿ ಆಮ್ಲಜನಕ ಕಂಡುಹಿಡಿದವರು ಅಂತ ಒಂದು ಸಾಲು ಓದಿ ಮುಂದೆ ಹೋಗಿರ್ತೀವಲ್ಲ, ಅವರೇ.

ಪ್ರೀಸ್ಟ್ಲಿ ಹುಟ್ಟಿದ್ದು 1733ರಲ್ಲಿ, ಇಂಗ್ಲೆಂಡಿನ ಲೀಡ್ಸ್ ಹತ್ತಿರ. ಅಪ್ಪ ಬಟ್ಟೆ ಕೆಲಸದವರು. ಚಿಕ್ಕ ವಯಸ್ಸಲ್ಲೇ ಅಮ್ಮ ತೀರಿಕೊಂಡರು, ಸಾಕಿದ್ದು ಸೋದರತ್ತೆ. ಹುಡುಗನಿಗೆ ಮಾತು ತೊದಲುತ್ತಿತ್ತು. ಕಾಯಿಲೆ ಬಿದ್ದು ಶಾಲೆ ಬಿಟ್ಟಾಗ ಮನೆಯಲ್ಲೇ ಕೂತು ಫ್ರೆಂಚ್, ಇಟಾಲಿಯನ್, ಜರ್ಮನ್ ಕಲಿತರು. ಲ್ಯಾಟಿನ್, ಗ್ರೀಕ್, ಹೀಬ್ರೂ ಅಷ್ಟೊತ್ತಿಗೇ ಬರ್ತಾ ಇತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಈಗ ಕನ್ನಡದಲ್ಲಿ ಎರಡು ಪುಟ ಬರೆಯೋಕೆ ಒದ್ದಾಡುವ ನಮಗೆ ಇದನ್ನು ಓದಿ ಸ್ವಲ್ಪ ನಾಚಿಕೆನೇ ಆಯ್ತು.

ಅವರ ಮನೆತನ ಸರ್ಕಾರಿ ಚರ್ಚಿಗೆ ಸೇರಿದ್ದಲ್ಲ. ಆಗಿನ ಕಾನೂನಿನಲ್ಲಿ ಅಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪದವಿ ಇಲ್ಲ, ಸರ್ಕಾರಿ ಹುದ್ದೆಯೂ ಕಷ್ಟ. ಹಾಗಾಗಿ ಅವರದೇ ಪಂಗಡದ ಒಂದು ಅಕಾಡೆಮಿಯಲ್ಲಿ ಓದಿ ಪಾದ್ರಿಯಾದರು. ಮೊದಲು ಸಿಕ್ಕ ಊರಲ್ಲಿ ತೊದಲು ಮಾತು ಮತ್ತು ವಿಚಿತ್ರ ಅನ್ನಿಸುವ ನಂಬಿಕೆಗಳಿಂದಾಗಿ ಜನ ಅಷ್ಟಾಗಿ ಹತ್ತಿರ ಸೇರಿಸಲಿಲ್ಲ. ಎರಡನೇ ಊರಲ್ಲಿ ಒಂದು ಶಾಲೆ ತೆರೆದು, ಕೈಯಲ್ಲಿದ್ದ ಸ್ವಲ್ಪ ದುಡ್ಡಲ್ಲಿ ಮಕ್ಕಳಿಗೋಸ್ಕರ ಏರ್ ಪಂಪ್ ಒಂದನ್ನು, ವಿದ್ಯುತ್ ಯಂತ್ರ ಒಂದನ್ನು ಕೊಂಡರು. ಪ್ರಾಕ್ಟಿಕಲ್ಸ್ ಇಲ್ಲದೆ ಪಾಠ ಮಾಡಬಾರದು ಅನ್ನೋ ಮೇಷ್ಟ್ರು.

1761ರಲ್ಲಿ ವಾರಿಂಗ್ಟನ್ ಅಕಾಡೆಮಿಯಲ್ಲಿ ಭಾಷೆಗಳ ಉಪನ್ಯಾಸಕರಾದರು. ಮರುವರ್ಷ ಮೇರಿ ವಿಲ್ಕಿನ್ಸನ್ ಜೊತೆ ಮದುವೆ. ಮೆಕ್ಯಾನಿಕಲ್ ಬ್ರಾಂಚಿನವರು ಇಲ್ಲಿ ಕಿವಿಗೊಡಿ: ಮೇರಿಯ ಅಣ್ಣ ಜಾನ್ ವಿಲ್ಕಿನ್ಸನ್ ಮುಂದೆ ಕೊರೆಯುವ ಯಂತ್ರ ಮಾಡಿ, ಜೇಮ್ಸ್ ವಾಟ್‌ನ ಸ್ಟೀಮ್ ಇಂಜಿನ್‌ಗೆ ಸಿಲಿಂಡರ್ ಕೊರೆದುಕೊಟ್ಟವರು. ಲಂಡನ್ನಿಗೆ ಹೋದಾಗ ಪ್ರೀಸ್ಟ್ಲಿಗೆ ಬೆಂಜಮಿನ್ ಫ್ರಾಂಕ್ಲಿನ್ ಪರಿಚಯವಾಯ್ತು. ಅವರ ಒತ್ತಾಸೆಯಿಂದ 1767ರಲ್ಲಿ ವಿದ್ಯುತ್ತಿನ ಇತಿಹಾಸದ ಮೇಲೆ ದಪ್ಪ ಪುಸ್ತಕ ಬಂತು. ವಿದ್ಯುತ್ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಕಮ್ಮಿಯಾಗಬೇಕು ಅಂತ ಅದರಲ್ಲೇ ಊಹಿಸಿದ್ದರು. ನಾವು ಅದನ್ನು ಕೂಲಂಬ್ ನಿಯಮ ಅಂತ ಓದ್ತೀವಿ. ಕೂಲಂಬ್ ಅಳೆದು ತೋರಿಸಿದ್ದು 1785ರಲ್ಲಿ.

ಅದೇ 1767ರಲ್ಲಿ ಅವರು ಲೀಡ್ಸ್‌ನ ಮಿಲ್ ಹಿಲ್ ಚಾಪೆಲ್‌ಗೆ ಪಾದ್ರಿಯಾಗಿ ಬಂದರು. ಉಳಿಯೋಕೆ ಸಿಕ್ಕ ಮನೆ ಒಂದು ಬಿಯರ್ ಭಟ್ಟಿಯ ಪಕ್ಕ. ಬೇರೆ ಪಾದ್ರಿಯಾಗಿದ್ರೆ ಮೂಗು ಮುಚ್ಚಿಕೊಂಡು ಮನೆ ಬದಲಾಯಿಸ್ತಿದ್ರೇನೋ. ಇವರು ದಿನಾ ಭಟ್ಟಿಗೆ ಹೋಗಿ ನಿಲ್ಲೋಕೆ ಶುರು ಮಾಡಿದರು.

ಹುದುಗುವ ತೊಟ್ಟಿಯ ಮೇಲೆ ಸುಮಾರು ಒಂದಡಿ ದಪ್ಪಕ್ಕೆ ಒಂದು ಗಾಳಿ ಪದರ ಕೂತಿರ್ತಾ ಇತ್ತು. ಉರಿಯುವ ಕಡ್ಡಿ ಇಳಿಸಿದರೆ ತಟ್ಟನೆ ಆರಿಹೋಗುತ್ತೆ, ಆರಿದ ಹೊಗೆ ಆ ಪದರದ ಮೇಲೇ ತೇಲುತ್ತೆ. ಅಂದ್ರೆ ಇದು ಮಾಮೂಲಿ ಗಾಳಿಗಿಂತ ಭಾರ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಆಗಲೇ ಕಂಡುಕೊಂಡು ಫಿಕ್ಸ್ಡ್ ಏರ್ ಅಂತ ಹೆಸರಿಟ್ಟಿದ್ದ ಗಾಳಿ ಇದೇ, ಈಗಿನ ಕಾರ್ಬನ್ ಡೈಆಕ್ಸೈಡ್. ಪ್ರೀಸ್ಟ್ಲಿ ಎರಡು ಪಾತ್ರೆ ತಗೊಂಡು, ತೊಟ್ಟಿಯ ಮೇಲೆ ಹಿಡಿದು, ಒಂದರಿಂದ ಇನ್ನೊಂದಕ್ಕೆ ನೀರು ಹುಯ್ಯುತ್ತಾ ಹೋದರು. ನಮ್ಮ ಹೋಟೆಲಿನಲ್ಲಿ ಕಾಫಿ ಆರಿಸೋ ಹಾಗೆ ಅಂದ್ಕೊಳ್ಳಿ. ಸ್ವಲ್ಪ ಹೊತ್ತಲ್ಲೇ ನೀರಿಗೆ ಚುರುಕು ರುಚಿ ಬಂತು. ಶ್ರೀಮಂತರು ದುಡ್ಡು ಕೊಟ್ಟು ಯೂರೋಪಿನ ಬುಗ್ಗೆಗಳಿಂದ ತರಿಸಿ ಕುಡಿಯುತ್ತಿದ್ದ ಖನಿಜ ನೀರಿನ ರುಚಿ.

ಆಮೇಲೆ ಆ ಮನೆ ಬಿಡಬೇಕಾಯ್ತು. ಭಟ್ಟಿ ಇಲ್ಲ ಅಂದ್ಮೇಲೆ ಗಾಳಿ ಎಲ್ಲಿಂದ? ಸೀಮೆಸುಣ್ಣದ ಪುಡಿ ಮೇಲೆ ಸಲ್ಫ್ಯೂರಿಕ್ ಆಸಿಡ್ ಹಾಕಿ, ಬಂದ ಗಾಳಿಯನ್ನು ಪ್ರಾಣಿಯ ಮೂತ್ರಕೋಶದ ಚೀಲದಲ್ಲಿ ಹಿಡಿದು, ಅಲ್ಲಿಂದ ಕೊಳವೆ ಮೂಲಕ ನೀರಿನ ಬಾಟಲಿಗೆ ಬಿಟ್ಟು ಕುಲುಕಿದರು. 1772ರಲ್ಲಿ ಮಾಡುವ ವಿಧಾನವನ್ನೆಲ್ಲ ಬಿಡಿಸಿ ಬರೆದು ಒಂದು ಕಿರುಪುಸ್ತಕ ಅಚ್ಚು ಹಾಕಿಸಿದರು. ಪೇಟೆಂಟ್ ಗೀಟೆಂಟ್ ಏನೂ ಇಲ್ಲ, ಯಾರು ಬೇಕಾದ್ರೂ ಮಾಡ್ಕೊಳ್ಳಿ ಅಂತ. ನೂತ್ ಅನ್ನೋ ವೈದ್ಯರೊಬ್ಬರು ಮಾತ್ರ ಈ ನೀರಿಗೆ ಮೂತ್ರದ ವಾಸನೆ ಬರುತ್ತೆ ಅಂತ ದೂರಿ, ಚೀಲ ಬಿಟ್ಟು ಪೂರ್ತಿ ಗಾಜಿನ ಉಪಕರಣ ಮಾಡಿದರು. ದೂರು ನ್ಯಾಯವಾದದ್ದೇ ಅಂತ ನಮ್ಮ ಅಭಿಪ್ರಾಯ.

ನಾವು ಮನೆಯಲ್ಲಿ ಸೋಡಾ ಮಾಡೋದು ಪ್ರೀಸ್ಟ್ಲಿ ವಿಧಾನದಲ್ಲೇ, ಚೀಲ ಒಂದನ್ನು ಬಿಟ್ಟು. ತಂಪು ಪಾನೀಯ ಬರುವ ದಪ್ಪ ಪ್ಲಾಸ್ಟಿಕ್ ಬಾಟಲಿ ಎರಡು, ಒಂದೊಂದು ಲೀಟರಿನದು. ಗಾಜಿನದು ಬೇಡವೇ ಬೇಡ, ಒತ್ತಡಕ್ಕೆ ಸಿಡಿದರೆ ಕಣ್ಣಿಗೆ ಅಪಾಯ. ಎರಡು ಮುಚ್ಚಳಕ್ಕೂ ಅಕ್ವೇರಿಯಂ ಪೈಪಿಗಿಂತ ಚೂರು ಸಣ್ಣ ತೂತು ಕೊರೆದು ಪೈಪನ್ನು ಎಳೆದು ಬಿಗಿ ಮಾಡಬೇಕು. ಒಂದು ಬಾಟಲಿಗೆ ಒಂದು ಲೋಟ ನೀರು, 8 ಗ್ರಾಂ ಸಿಟ್ರಿಕ್ ಆಸಿಡ್ (ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ). 10 ಗ್ರಾಂ ಅಡಿಗೆ ಸೋಡಾವನ್ನು ಟಿಶ್ಯೂ ಪೇಪರ್‌ನಲ್ಲಿ ಸುತ್ತಿ ಒಳಗೆ ಹಾಕಿ ತಕ್ಷಣ ಮುಚ್ಚಳ ಹಾಕಿದರೆ, ಪೇಪರ್ ನೆನೆಯುವಷ್ಟರಲ್ಲಿ ಬಾಟಲಿ ಬಿಗಿಯಾಗಿರುತ್ತೆ. ಲೆಕ್ಕ ಬೇಕಾದವರಿಗೆ: 84 ಗ್ರಾಂ ಸೋಡಾಗೆ 44 ಗ್ರಾಂ ಗ್ಯಾಸ್, ಅಂದ್ರೆ ಈ 10 ಗ್ರಾಂನಿಂದ 5 ಗ್ರಾಂ ಚಿಲ್ಲರೆ. ಇನ್ನೊಂದು ಬಾಟಲಿಯಲ್ಲಿ ಮುಕ್ಕಾಲು ಭಾಗ ಐಸ್ ತಣ್ಣಗಿನ ನೀರಿರಲಿ, ಒಳಗಿನ ಗಾಳಿಯನ್ನು ಮೊದಲೇ ಹಿಸುಕಿ ತೆಗೆದಿರಿ. ಗ್ಯಾಸ್ ಬರ್ತಾ ಇದ್ದ ಹಾಗೆ ಈ ನೀರಿನ ಬಾಟಲಿಯನ್ನು ಮಾತ್ರ ಎರಡು ನಿಮಿಷ ಜೋರಾಗಿ ಕುಲುಕಿ. ಮೊದಲನೆಯದು ನೆಟ್ಟಗೆ ನಿಂತಿರಬೇಕು, ಇಲ್ಲಾಂದ್ರೆ ಉಪ್ಪುನೀರು ಈ ಕಡೆ ಬರುತ್ತೆ. ಕೊನೆಗೆ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ.

ನೀರು ಯಾಕೆ ಅಷ್ಟು ತಣ್ಣಗಿರಬೇಕು? ಸಮುದ್ರಮಟ್ಟದ ಒತ್ತಡದಲ್ಲಿ ಒಂದು ಲೀಟರ್ ನೀರು 25 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗ್ರಾಂ ಗ್ಯಾಸ್ ಹಿಡಿದ್ರೆ, 0 ಡಿಗ್ರಿಯಲ್ಲಿ 3 ಗ್ರಾಂ ಮೇಲೆ ಹಿಡಿಯುತ್ತೆ. ಹೆನ್ರಿ ನಿಯಮದ ಪ್ರಕಾರ ಒತ್ತಡ ಹೆಚ್ಚಾದಷ್ಟೂ ಕರಗುವುದು ಹೆಚ್ಚು. ಬೆಂಗಳೂರು 900 ಮೀಟರ್ ಮೇಲಿರೋದ್ರಿಂದ ನಮ್ಮ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತನೇ ಒಂದರಷ್ಟು ಕಮ್ಮಿ. ಪ್ರೀಸ್ಟ್ಲಿ ಥರ ತೆರೆದ ಪಾತ್ರೆಯಲ್ಲಿ ಹುಯ್ದು ಮಾಡಿದರೆ ಚಂದ್ರಾ ಲೇಔಟ್‌ನ ಸೋಡಾ ಲೀಡ್ಸ್ ಸೋಡಾಗಿಂತ ಸಪ್ಪೆ! ಬಾಟಲಿ ಮುಚ್ಚಿದರೆ ಈ ತೊಂದರೆ ಇಲ್ಲ.

ಅಡಿಗೆ ಸೋಡಾವನ್ನು ನೇರವಾಗಿ ಶರಬತ್ತಿಗೇ ಹಾಕಿದ್ರೆ ಆಗಲ್ವಾ ಅಂತ ಕೇಳಬಹುದು. ನೊರೆ ಬರುತ್ತೆ, ಆದ್ರೆ ಅದು ನಿಂಬೆಯ ಹುಳಿಯನ್ನೇ ತಿಂದುಹಾಕಿ ಉಪ್ಪುಪ್ಪು ರುಚಿ ಉಳಿಸುತ್ತೆ. ಗ್ಯಾಸ್ ಬೇರೆ ಕಡೆ ಹುಟ್ಟಲಿ, ಹಣ್ಣು ಕೊನೆಗೆ ಬರಲಿ. ರಸ ಮೊದಲು ಲೋಟಕ್ಕೆ, ಅದರ ಮೇಲೆ ನಿಧಾನವಾಗಿ ಸೋಡಾ. ರಸ ಸೋಸಿರಬೇಕು, ತಿರುಳಿನ ಚೂರುಗಳ ಮೇಲೆ ಗುಳ್ಳೆ ಹುಟ್ಟಿ ಅರ್ಧ ಗ್ಯಾಸ್ ಹಾರಿಹೋಗುತ್ತೆ. ನಿಂಬೆ ಆಯ್ತು ಅಂದ್ರೆ ಕೊಡಗಿನ ಕಿತ್ತಳೆ, ದೇವನಹಳ್ಳಿ ಚಕ್ಕೋತ ಹಾಕಿ ನೋಡಿ, ಚಕ್ಕೋತ ಸೋಡಾದಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ. ಮೂಸಂಬಿ ರಸ ಮಾತ್ರ ಹಿಂಡಿದ ತಕ್ಷಣ ಬಳಸಿ, ಇಟ್ಟಷ್ಟೂ ಕಹಿ. ಸಕ್ಕರೆ ಪಾಕ ಬೇಕಿದ್ರೆ ಸಕ್ಕರೆಯನ್ನಷ್ಟೇ ಕುದಿಸಿ, ಪೂರ್ತಿ ಆರಿದ ಮೇಲೆ ರಸ ಸೇರಿಸಿ. ರಸ ಯಾಕೆ ಕುದಿಸಬಾರದು ಅನ್ನೋದಕ್ಕೆ ಪ್ರೀಸ್ಟ್ಲಿ ಕಥೆಗೇ ವಾಪಸ್ ಹೋಗಬೇಕು.

ಪ್ರೀಸ್ಟ್ಲಿ ಸೋಡಾ ಮಾಡಿದ್ದು ಬಾಯಾರಿಕೆಗಲ್ಲ, ಸ್ಕರ್ವಿಗೆ. ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ವಸಡು ಊದಿ, ಹಲ್ಲು ಅಲ್ಲಾಡಿ, ಹಳೇ ಗಾಯ ಬಿಟ್ಟುಕೊಂಡು, ಕೊನೆಗೆ ಸಾವು. ದೇಹ ಒಳಗಿಂದಲೇ ಕೊಳೆಯುತ್ತೆ, ಕೊಳೆಯುವಾಗ ಫಿಕ್ಸ್ಡ್ ಏರ್ ಹೊರಗೆ ಹೋಗುತ್ತೆ, ಅದನ್ನು ಮತ್ತೆ ತುಂಬಿದರೆ ವಾಸಿ ಅನ್ನೋದು ಆಗಿನ ದೊಡ್ಡ ದೊಡ್ಡ ವೈದ್ಯರ ವಾದ. ತರ್ಕ ಕೇಳೋಕೆ ಚೆನ್ನಾಗಿಯೇ ಇದೆ. ಹಾಗಾಗಿ ಪ್ರೀಸ್ಟ್ಲಿ ತಮ್ಮ ಕಿರುಪುಸ್ತಕವನ್ನು ನೌಕಾಪಡೆಯ ಮುಖ್ಯಸ್ಥರಾಗಿದ್ದ ಸ್ಯಾಂಡ್‌ವಿಚ್ ಪ್ರಭುಗಳಿಗೇ ಅರ್ಪಿಸಿದರು. 1772ರಲ್ಲಿ ಹೊರಟ ಕ್ಯಾಪ್ಟನ್ ಕುಕ್ ಅವರ ಎರಡನೇ ಯಾತ್ರೆಯ ಹಡಗುಗಳಿಗೆ ಸೋಡಾ ಮಾಡುವ ಉಪಕರಣ ಹೋಯ್ತು. ಅದೇ ಯಾತ್ರೆಗೆ ಖಗೋಳಜ್ಞರಾಗಿ ಹೋಗಲು ಪ್ರೀಸ್ಟ್ಲಿಗೂ ಮೊದಲು ಆಹ್ವಾನ ಬಂದಿತ್ತು, ಅವರ ಧಾರ್ಮಿಕ ನಂಬಿಕೆ ಸರಿಯಿಲ್ಲ ಅಂತ ಕೈಬಿಟ್ಟರು.

ನಿಜವಾದ ಔಷಧಿ ಆಗಲೇ ಪುಸ್ತಕದಲ್ಲಿತ್ತು. 1747ರಲ್ಲೇ ಜೇಮ್ಸ್ ಲಿಂಡ್ ಅನ್ನೋ ಹಡಗು ವೈದ್ಯರು ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರಾಗಿ ಬೇರೆ ಮಾಡಿ, ಆರು ಜೋಡಿಗೆ ಆರು ಬೇರೆ ಬೇರೆ ಔಷಧಿ ಕೊಟ್ಟು ನೋಡಿದ್ದರು. ಒಂದು ಜೋಡಿಗೆ ಸಮುದ್ರದ ನೀರು, ಇನ್ನೊಂದಕ್ಕೆ ವಿನೆಗರ್, ಮತ್ತೊಂದಕ್ಕೆ ತೆಳುವಾದ ಸಲ್ಫ್ಯೂರಿಕ್ ಆಸಿಡ್, ಹೀಗೆ. ಐದನೇ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಹಡಗಿನ ಹಣ್ಣು ಮುಗಿಯೋಕೆ ಆರೇ ದಿನ ಸಾಕಾಯ್ತು. ಅಷ್ಟರಲ್ಲೇ ಆ ಇಬ್ಬರಲ್ಲಿ ಒಬ್ಬ ಎದ್ದು ಕೆಲಸಕ್ಕೆ ಹೋದ. 1753ರಲ್ಲಿ ಲಿಂಡ್ ಇದನ್ನು ಪ್ರಕಟಿಸಿದರು. ಆದ್ರೆ ಹಣ್ಣು ಕೆಡದೇ ಇರಲಿ ಅಂತ ರಸವನ್ನು ಕಾಯಿಸಿ ಗಟ್ಟಿ ಮಾಡಿ ಇಡೋಕೆ ಅವರೇ ಹೇಳಿದರು. ಆ ಕಾವಿಗೆ ಗುಣ ಹೊರಟುಹೋಗ್ತಿತ್ತು. ಆ ಗುಣಕ್ಕೆ ವಿಟಮಿನ್ ಸಿ ಅಂತ ಹೆಸರು ಸಿಕ್ಕಿ, ಅದನ್ನು ಬೇರ್ಪಡಿಸಿದ್ದು 20ನೇ ಶತಮಾನದಲ್ಲಿ. ಮನೆಯಲ್ಲಿ ನಿಂಬೆರಸ ಒಲೆ ಮೇಲಿಡಬೇಡಿ ಅಂತ ಅಜ್ಜಿ ಹೇಳೋದಕ್ಕೂ ಇದಕ್ಕೂ ಹೊಂದುತ್ತೆ ನೋಡಿ.

ಸೋಡಾದಲ್ಲಿ ಸ್ಕರ್ವಿ ವಾಸಿ ಮಾಡುವಂಥದ್ದು ಏನೂ ಇರಲಿಲ್ಲ. ಆದ್ರೂ 1773ರಲ್ಲಿ ಗಾಳಿಗಳ ಮೇಲಿನ ಪ್ರಯೋಗಗಳಿಗಾಗಿ ರಾಯಲ್ ಸೊಸೈಟಿ ಪ್ರೀಸ್ಟ್ಲಿಗೆ ಕಾಪ್ಲೆ ಪದಕ ಕೊಟ್ಟಿತು. ಎಲ್ಲ ನಾವಿಕರಿಗೂ ನಿಂಬೆರಸ ಕೊಡಬೇಕು ಅಂತ ನೌಕಾಪಡೆ ಒಪ್ಪಿದ್ದು 1795ರಲ್ಲಿ, ಲಿಂಡ್ ತೀರಿಹೋದ ಮರುವರ್ಷ. ನಡುವೆ 48 ವರ್ಷ. ಇದಕ್ಕೆ ಪ್ರೀಸ್ಟ್ಲಿಯನ್ನು ಬೈಯೋದು ಅನ್ಯಾಯ ಅಂತ ನಮಗನ್ಸುತ್ತೆ, ಯಾಕಂದ್ರೆ ಅವರು ನಂಬಿದ್ದು ಆ ಕಾಲದ ಒಳ್ಳೇ ವೈದ್ಯರ ಮಾತನ್ನೇ. ಆದ್ರೆ ಲಿಂಡ್ ಥರ ಇಬ್ಬರಿಗೆ ಸೋಡಾ, ಇಬ್ಬರಿಗೆ ನಿಂಬೆ ಕೊಟ್ಟು ಯಾರಾದ್ರೂ ನೋಡಿದ್ರೆ ಒಂದೇ ವಾರದಲ್ಲಿ ಗೊತ್ತಾಗ್ತಿತ್ತಲ್ಲ ಅನ್ನೋ ಸಂಕಟ ಮಾತ್ರ ಹೋಗಲ್ಲ.

ಸೋಡಾದಿಂದ ದುಡ್ಡು ಮಾಡಿದ್ದು ಬೇರೆಯವರು. ಜಿನೀವಾದಲ್ಲಿ ವಾಚು ಒಡವೆ ಕೆಲಸ ಮಾಡ್ತಿದ್ದ ಯಾಕೋಬ್ ಶ್ವೆಪ್ 1783ರಲ್ಲಿ ಸೋಡಾ ಕಂಪನಿ ತೆರೆದರು, ಶ್ವೆಪ್ಸ್ ಹೆಸರು ಇವತ್ತಿಗೂ ಅಂಗಡಿಯಲ್ಲಿದೆ. 1872ರಲ್ಲಿ ಹೈರಮ್ ಕಾಡ್ ಗೋಲಿ ಬಾಟಲಿಗೆ ಪೇಟೆಂಟ್ ತಗೊಂಡರು. ಒಳಗಿನ ಒತ್ತಡವೇ ಗೋಲಿಯನ್ನು ಮೇಲೆ ತಳ್ಳಿ ಬಾಯಿ ಮುಚ್ಚುವ ಆ ಡಿಸೈನೇ ನಮ್ಮ ಗೋಲಿ ಸೋಡಾ.

ಪ್ರೀಸ್ಟ್ಲಿ 1773ರಲ್ಲಿ ಶೆಲ್‌ಬರ್ನ್ ಪ್ರಭುಗಳ ಗ್ರಂಥಾಲಯ ನೋಡಿಕೊಳ್ಳುವ ಕೆಲಸಕ್ಕೆ ಹೋದರು. 1774ರ ಆಗಸ್ಟ್ 1ರಂದು ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ಪಾದರಸದ ಕೆಂಪು ಭಸ್ಮ ಕಾಯಿಸಿದಾಗ ಬಂದ ಗಾಳಿಯಲ್ಲಿ ಮೇಣದಬತ್ತಿ ಧಗ್ಗನೆ ಉರಿಯಿತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಊಟದ ಹೊತ್ತಿಗೆ ಲಾವಾಸಿಯೇಗೆ ಇದನ್ನು ಹೇಳಿದರು. ಲಾವಾಸಿಯೇ ಅದನ್ನಿಟ್ಟುಕೊಂಡು ಹೊಸ ರಸಾಯನಶಾಸ್ತ್ರವನ್ನೇ ಕಟ್ಟಿ ಆಕ್ಸಿಜನ್ ಅಂತ ಹೆಸರಿಟ್ಟರು. ಪ್ರೀಸ್ಟ್ಲಿ ಮಾತ್ರ ಸಾಯೋ ತನಕ ಹಳೇ ಫ್ಲೋಜಿಸ್ಟನ್ ವಾದ ಬಿಡಲಿಲ್ಲ. ಕಂಡಿದ್ದು ಸರಿ, ಕೊಟ್ಟ ಕಾರಣ ತಪ್ಪು. ಸೋಡಾದಲ್ಲೂ ಹೀಗೇ ಆಗಿತ್ತು.

1780ರಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದರು. ಜೇಮ್ಸ್ ವಾಟ್, ಮ್ಯಾಥ್ಯೂ ಬೌಲ್ಟನ್ ಇದ್ದ ಲೂನಾರ್ ಸೊಸೈಟಿಯ ಗೆಳೆತನದ ಒಳ್ಳೇ ದಿನಗಳು. ಫ್ರೆಂಚ್ ಕ್ರಾಂತಿಯನ್ನು ಬಹಿರಂಗವಾಗಿ ಬೆಂಬಲಿಸಿದ್ದಕ್ಕೆ 1791ರ ಜುಲೈ 14ರ ರಾತ್ರಿ ಗುಂಪೊಂದು ಅವರ ಪಂಗಡದ ಪ್ರಾರ್ಥನಾ ಮಂದಿರಗಳಿಗೆ, ಆಮೇಲೆ ಅವರ ಮನೆಗೆ ನುಗ್ಗಿತು. ಗಂಡ ಹೆಂಡತಿ ಹೇಗೋ ತಪ್ಪಿಸಿಕೊಂಡರು. ಪುಸ್ತಕಗಳು, ಹಸ್ತಪ್ರತಿಗಳು, ಲ್ಯಾಬ್ ಎಲ್ಲ ಹಾಳಾದವು. ಲಂಡನ್ನಿನಲ್ಲೂ ಹಳೇ ಸ್ನೇಹಿತರು ಮುಖ ತಿರುಗಿಸಿದರು. 1794ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ಅವರು ಇನ್ನೂ ಸಮುದ್ರದ ಮಧ್ಯೆ ಇದ್ದಾಗಲೇ, ಮೇ 8ರಂದು, ಪ್ಯಾರಿಸ್‌ನಲ್ಲಿ ಅದೇ ಕ್ರಾಂತಿ ಲಾವಾಸಿಯೇ ತಲೆ ತೆಗೆಯಿತು.

ಪೆನ್ಸಿಲ್ವೇನಿಯಾದ ನಾರ್ಥಂಬರ್ಲೆಂಡ್ ಅನ್ನೋ ಸಣ್ಣ ಊರಲ್ಲಿ ಮನೆ ಕಟ್ಟಿ, ಪಕ್ಕದಲ್ಲೇ ಲ್ಯಾಬ್ ಮಾಡಿಕೊಂಡರು. 1795ರಲ್ಲಿ ಮಗ ಹೆನ್ರಿ, ಮರುವರ್ಷ ಮೇರಿ ತೀರಿಕೊಂಡರು. ಯೂನಿವರ್ಸಿಟಿಯಿಂದ ಪ್ರೊಫೆಸರ್ ಹುದ್ದೆ ಬಂದರೂ ಬೇಡ ಅಂದರು. 1804ರ ಫೆಬ್ರವರಿ 6ರ ಬೆಳಿಗ್ಗೆ, ಹಾಸಿಗೆಯಲ್ಲೇ ಮಲಗಿ, ಬರೆಯುತ್ತಿದ್ದ ಪುಸ್ತಕದ ಕೆಲವು ತಿದ್ದುಪಡಿ ಹೇಳಿ ಬರೆಸಿದರು. ಬರೆದದ್ದನ್ನು ಓದಿಸಿ ಕೇಳಿ, ಸರಿಯಿಲ್ಲದ್ದನ್ನು ಮತ್ತೆ ತಿದ್ದಿಸಿ, ಈಗ ಸರಿಯಾಯ್ತು ಅಂತ ಒಪ್ಪಿದ ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.