ನಾಲ್ಕನೇ ವಯಸ್ಸಿಗೇ ಬಣ್ಣ ಹಚ್ಚಿದ ಹುಡುಗ: ಹಾಸ್ಯ ಚಕ್ರವರ್ತಿ ನರಸಿಂಹರಾಜು ಬದುಕು

ಕಮಲಾಪುರ: ಸಾಲ ವಸೂಲಿಗೆ ಅಂಗಡಿ ಬಾಗಿಲು ಬಿಡದೆ ಕೂತವರಿಗೆ ಮಂದಿ ಈಗಲೂ ನಕ್ಷತ್ರಿಕ ಅಂತಾರೆ. ಆ ಹೆಸರು ಕೇಳಿದ ಕೂಡಲೇ ಹಿರಿಯರ ಕಣ್ಣ ಮುಂದೆ ಬರೋದು ಒಂದೇ ಮುಖ. ಸಣಕಲು ಮೈ, ಮುಂದೆ ಬಂದ ಹಲ್ಲು. ಅವರೇ ಟಿ.ಆರ್. ನರಸಿಂಹರಾಜು.

1923ರ ಜುಲೈ 24ರಂದು ತಿಪಟೂರಿನಲ್ಲಿ ಹುಟ್ಟಿದರು. ತಂದೆ ಪೊಲೀಸ್ ಇಲಾಖೆಯಲ್ಲಿದ್ರು. ನಾಲ್ಕು ವರ್ಷದವರಿದ್ದಾಗಲೇ ಚಿಕ್ಕಪ್ಪ ಕೈಹಿಡಿದು ನಾಟಕ ಕಂಪನಿಗೆ ಸೇರಿಸಿದರು. ಬೇರೆ ಮಕ್ಕಳು ಸಾಲಿಗೆ ಹೋಗೋ ವಯಸ್ಸಿನಲ್ಲಿ ಈ ಹುಡುಗ ರಂಗದ ಮೇಲೆ ಬಾಲನಟ. ಮುಂದೆ ಕಂಪನಿಯಿಂದ ಕಂಪನಿಗೆ ಅಲೆದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ನಾಟಕದಾಗ ಎಲ್ಲಾ ತರಹದ ಪಾತ್ರ ಮಾಡಿದ್ರೂ ಹೆಸರು ತಂದುಕೊಟ್ಟದ್ದು ಹಾಸ್ಯ. ಮಂದಿ ಆಡಿಕೊಳ್ಳಬಹುದಾಗಿದ್ದ ಮುಖವನ್ನೇ ಅವರು ಅನ್ನದ ದಾರಿ ಮಾಡಿಕೊಂಡರು.

1954ರಲ್ಲಿ ಬೇಡರ ಕಣ್ಣಪ್ಪ ಬಂತು. ರಾಜಕುಮಾರ್ ನಾಯಕರಾದ ಮೊದಲ ಚಿತ್ರ ಅದು. ಅದರಲ್ಲಿ ಪೂಜಾರಿಯ ಮಗ ಕಾಶಿಯಾಗಿ ನರಸಿಂಹರಾಜು ಗೆದ್ದರು. ಆಗ ನಮ್ಮ ಕಲಬುರಗಿ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ ನಾಡು ಒಂದಾಗಿದ್ದು ಎರಡು ವರ್ಷ ಆದಮೇಲೆ, 1956ರಲ್ಲಿ.

ಗೆದ್ದ ಕೂಡಲೇ ಕಷ್ಟ ತೀರಲಿಲ್ಲ. ಕನ್ನಡದಾಗ ಚಿತ್ರ ತಯಾರಾಗೋದೇ ಕಡಿಮೆ, ಆದದ್ದೂ ಹೆಚ್ಚಾಗಿ ಮದ್ರಾಸಿನಲ್ಲಿ. ಕೈಗೆ ಕೆಲಸ ಇಲ್ಲದಾಗ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜೊತೆ ಸೇರಿ ಸಂಘ ಕಟ್ಟಿದರು. ಸಿನಿಮಾದವರು ಅನ್ನೋ ಬಿಗುಮಾನ ಬಿಟ್ಟು ಊರೂರಿಗೆ ಹೋಗಿ ಮತ್ತೆ ನಾಟಕ ಆಡಿದರು. ಇದೇ ನಾಲ್ವರು ಕೂಡಿ 1960ರಲ್ಲಿ ರಣಧೀರ ಕಂಠೀರವ ಚಿತ್ರ ತೆಗೆದರು. ಅದು ಜನರ ಮನಸ್ಸು ಗೆದ್ದಿತು.

1965ರ ಸತ್ಯ ಹರಿಶ್ಚಂದ್ರದಲ್ಲಿ ರಾಜನ ಬೆನ್ನು ಬಿಡದ ನಕ್ಷತ್ರಿಕ ಆದರು. ಅಳಿಸೋ ಕಥೆಯಲ್ಲಿ ಮಂದಿಗೆ ಉಸಿರಾಡಲಿಕ್ಕೆ ಜಾಗ ಕೊಟ್ಟವರು ಅವರೇ. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಡೇಟ್ ತಗೊಂಡು ಆಮೇಲೆ ನಾಯಕರ ಮನೆಗೆ ಹೋಗ್ತಿದ್ರು ಅನ್ನೋ ಮಾತು ಚಿತ್ರರಂಗದಲ್ಲಿ ಇಂದಿಗೂ ಇದೆ. ಒಟ್ಟು 250ಕ್ಕೂ ಹೆಚ್ಚು ಚಿತ್ರ. 1974ರಲ್ಲಿ ಪ್ರೊಫೆಸರ್ ಹುಚ್ಚೂರಾಯ ಚಿತ್ರಕ್ಕೆ ತಾವೇ ಬಂಡವಾಳ ಹಾಕಿ ಮುಖ್ಯ ಪಾತ್ರವನ್ನೂ ಮಾಡಿದರು. ಪಕ್ಕದಲ್ಲಿ ನಿಂತು ನಗಿಸಿದವರು ಅಂದು ನಡುಮಧ್ಯೆ ನಿಂತರು.

1979ರ ಜುಲೈನಲ್ಲಿ, 56 ತುಂಬಲಿಕ್ಕೆ ಕೆಲವೇ ದಿನ ಇರುವಾಗ, ಹೃದಯಾಘಾತದಿಂದ ತೀರಿಕೊಂಡರು. ಐವತ್ತು ವರ್ಷಕ್ಕೂ ಮಿಕ್ಕಿ ದುಡಿದ ಜೀವ ಅದು. ಚಿಕ್ಕಪ್ಪ ಹಾಕಿಕೊಟ್ಟ ದಾರಿ ಮನೆಯೊಳಗೆ ಅಲ್ಲಿಗೇ ನಿಲ್ಲಲಿಲ್ಲ. ಮಗಳು ಸುಧಾ ನರಸಿಂಹರಾಜು ಕೂಡ ನಟಿಯಾಗಿ ಹೆಸರು ಮಾಡಿದರು.