ಮೂವತ್ತು ವರ್ಷ ಕಾದ ಲೆಕ್ಕ: ಮರಿಯಾ ಗೊಪ್ಪರ್ಟ್ ಮೇಯರ್

ಒಂದು ಗಾಜಿನ ತುಂಡು. ಅದರ ಮೇಲ್ಮೈಗೆ ಒಂದು ಗೀರೂ ಬೀಳಬಾರದು, ಆದರೆ ಒಳಗಡೆ ಕೂದಲಿಗಿಂತ ಸಣ್ಣ ಗೆರೆ ಎಳೀಬೇಕು. ಆಗುತ್ತಾ? ಆಗುತ್ತೆ. ಫೆಮ್ಟೊಸೆಕೆಂಡ್ ಲೇಸರ್ ಈ ಕೆಲಸ ಮಾಡುತ್ತೆ. 1996ರಲ್ಲಿ ಜಪಾನಿನ ಸಂಶೋಧಕರು ಹೀಗೆ ಗಾಜಿನೊಳಗೇ ಬೆಳಕು ಹರಿಯುವ ದಾರಿಗಳನ್ನು, ಅಂದರೆ ವೇವ್‌ಗೈಡ್‌ಗಳನ್ನು ಬರೆದು ತೋರಿಸಿದರು. ಇದರ ಬುಡದಲ್ಲಿರುವ ಲೆಕ್ಕವನ್ನು ಹುಡುಕುತ್ತಾ ಹೋದರೆ ನಾವು ತಲುಪುವುದು 1930ರ ಜರ್ಮನಿಗೆ. ಆಗಿನ್ನೂ ಲೇಸರ್ ಅನ್ನೋ ಪದವೇ ಹುಟ್ಟಿರಲಿಲ್ಲ.

ಮರಿಯಾ ಹುಟ್ಟಿದ್ದು 1906ರ ಜೂನ್ 28ರಂದು, ಈಗ ಪೋಲೆಂಡಿನಲ್ಲಿರುವ ಕಟೊವಿಟ್ಸೆಯಲ್ಲಿ. ತಂದೆ ಮಕ್ಕಳ ವೈದ್ಯರು. ಅವರ ಕಡೆಯಲ್ಲಿ ಆರು ತಲೆಮಾರಿನಿಂದ ಪ್ರೊಫೆಸರುಗಳೇ. 1910ರಲ್ಲಿ ಕುಟುಂಬ ಗಟ್ಟಿಂಗೆನ್‌ಗೆ ಬಂತು. ಮಗಳು ಬರೀ ಮನೆವಾರ್ತೆಗೆ ಸೀಮಿತ ಆಗಬಾರದು ಅನ್ನೋದು ತಂದೆಯ ಆಸೆ. ಮರಿಯಾ 1924ರಲ್ಲಿ ಗಣಿತ ಓದಲು ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಮ್ಯಾಕ್ಸ್ ಬಾರ್ನ್ ಅವರ ಪ್ರಭಾವಕ್ಕೆ ಸಿಕ್ಕು ಭೌತಶಾಸ್ತ್ರಕ್ಕೆ ಹಾರಿದರು. ಕ್ವಾಂಟಂ ಸಿದ್ಧಾಂತ ಆಗಷ್ಟೇ ಬೆಳೆಯುತ್ತಿತ್ತು.

ಅವರ ಪಿಎಚ್‌ಡಿ ವಿಷಯ ಹೀಗಿತ್ತು: ಒಂದು ಅಣು ಒಂದೇ ಗಳಿಗೆಯಲ್ಲಿ ಎರಡು ಫೋಟಾನುಗಳನ್ನು ನುಂಗಬಹುದಾ? ನುಂಗಬಹುದು ಅಂತ ಅವರ ಲೆಕ್ಕ ಹೇಳಿತು. ಆದರೆ ಆ ಸಾಧ್ಯತೆ ತೀರಾ ಕಡಿಮೆ, ಬೆಳಕು ಭಯಂಕರ ತೀವ್ರವಾಗಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತೆ. ಅಂಥ ಬೆಳಕು ಆಗ ಯಾರ ಲ್ಯಾಬಿನಲ್ಲೂ ಇರಲಿಲ್ಲ. 1931ರಲ್ಲಿ ಪೇಪರ್ ಅಚ್ಚಾಯಿತು, ಪರೀಕ್ಷೆ ಮಾಡುವ ದಾರಿ ಮಾತ್ರ ಕಾಣಲಿಲ್ಲ.

ಗಾಜಿಗೂ ಇದಕ್ಕೂ ಏನು ಸಂಬಂಧ? ಶುದ್ಧ ಸಿಲಿಕಾ ಗಾಜಿನ ಬ್ಯಾಂಡ್ ಗ್ಯಾಪ್ ಸುಮಾರು 9 ಎಲೆಕ್ಟ್ರಾನ್ ವೋಲ್ಟ್. 800 ನ್ಯಾನೋಮೀಟರ್ ಲೇಸರಿನ ಒಂದು ಫೋಟಾನಿನಲ್ಲಿ ಇರೋದು ಸುಮಾರು 1.55 ಅಷ್ಟೇ. ಒಂದು ಫೋಟಾನಿಂದ ಏನೂ ಆಗಲ್ಲ, ಅದಕ್ಕೇ ಗಾಜು ಆ ಬೆಳಕಿಗೆ ಪಾರದರ್ಶಕ. ಆರು ಫೋಟಾನುಗಳು ಒಟ್ಟಿಗೆ ಸೇರಿದರೆ ಎಲೆಕ್ಟ್ರಾನ್ ಮೇಲೆ ಹಾರುತ್ತೆ. ಕೆಟ್ಟು ನಿಂತ ಬಸ್ಸನ್ನು ಒಬ್ಬೊಬ್ಬರೇ ಸರದಿಯಲ್ಲಿ ತಳ್ಳಿದರೆ ಅಲುಗಾಡಲ್ಲ, ಎಲ್ಲರೂ ಒಮ್ಮೆಲೇ ತಳ್ಳಿದರೆ ಹೊರಡುತ್ತಲ್ಲ, ಹಾಗೆ. 100 ಫೆಮ್ಟೊಸೆಕೆಂಡಿನಷ್ಟು ಚಿಕ್ಕ ಪಲ್ಸನ್ನು ಲೆನ್ಸಿನಿಂದ ಗಾಜಿನೊಳಗೆ ಫೋಕಸ್ ಮಾಡಿದಾಗ ಅಷ್ಟು ಫೋಟಾನುಗಳ ಸಂದಣಿ ಫೋಕಸ್ ಬಿಂದುವಿನಲ್ಲಿ ಮಾತ್ರ ಸಿಗುತ್ತೆ. ಸುತ್ತಲಿನ ಗಾಜಿಗೆ ಬಿಸಿ ಹರಡುವ ಮೊದಲೇ ಪಲ್ಸ್ ಮುಗಿದಿರುತ್ತೆ. ಆ ಜಾಗದ ವಕ್ರೀಭವನ ಸೂಚ್ಯಂಕ ಬದಲಾಗುತ್ತೆ, ಮೇಲ್ಮೈ ಹಾಗೇ ಉಳಿಯುತ್ತೆ. ಮರಿಯಾ ಎರಡು ಫೋಟಾನಿಗೆ ಹಾಕಿದ ಲೆಕ್ಕದ ದೊಡ್ಡ ರೂಪವೇ ಇದು.

ಲೆಕ್ಕ ಕಾಯುತ್ತಿತ್ತು, ಲೆಕ್ಕ ಹಾಕಿದವರೂ ಕಾಯಬೇಕಾಯಿತು. 1930ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಜೋಸೆಫ್ ಮೇಯರ್ ಅವರನ್ನು ಮದುವೆಯಾಗಿ ಮರಿಯಾ ಬಾಲ್ಟಿಮೋರಿಗೆ ಹೋದರು. ಗಂಡನಿಗೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೆಲಸ. ಒಂದೇ ಮನೆಯ ಇಬ್ಬರಿಗೆ ಕೆಲಸ ಕೊಡಬಾರದು ಅನ್ನೋ ನಿಯಮದಿಂದ ಹೆಂಡತಿಗೆ ಸಂಬಳದ ಅಧ್ಯಾಪಕ ಹುದ್ದೆ ಇಲ್ಲ. ಆದರೂ ಅವರು ಪಾಠ ಮಾಡಿದರು, ಸಂಶೋಧನೆ ಬಿಡಲಿಲ್ಲ, ಎರಡು ಮಕ್ಕಳನ್ನು ಬೆಳೆಸಿದರು. ಮುಂದೆ ಕೊಲಂಬಿಯಾದಲ್ಲೂ ಅದೇ ಕಥೆ. 1946ರಲ್ಲಿ ಶಿಕಾಗೋಗೆ ಬಂದಾಗಲೂ ವಿಶ್ವವಿದ್ಯಾಲಯದ ಹುದ್ದೆಗೆ ಸಂಬಳವಿರಲಿಲ್ಲ. ಆರ್ಗಾನ್ ಪ್ರಯೋಗಾಲಯದ ಅರೆಕಾಲಿಕ ಕೆಲಸ ಮಾತ್ರ ಕೈಗೆ ಕಾಸು ಕೊಡುತ್ತಿತ್ತು.

ಅಲ್ಲೇ ಅವರನ್ನು 2, 8, 20, 28, 50, 82, 126 ಅನ್ನೋ ಸಂಖ್ಯೆಗಳು ಕಾಡಿದವು. ಪ್ರೋಟಾನು ಅಥವಾ ನ್ಯೂಟ್ರಾನುಗಳು ಇಷ್ಟಿದ್ದರೆ ಪರಮಾಣು ಬೀಜ ವಿಶೇಷವಾಗಿ ಗಟ್ಟಿ, ಯಾಕೆ? ಸ್ಪಿನ್-ಆರ್ಬಿಟ್ ಪರಿಣಾಮವೇನಾದರೂ ಇದೆಯಾ ಅಂತ ಎನ್ರಿಕೋ ಫರ್ಮಿ ಕೇಳಿದ ಒಂದು ಪ್ರಶ್ನೆಯಿಂದ ಗಂಟು ಬಿಚ್ಚಿತು. 1949ರಲ್ಲಿ ನ್ಯೂಕ್ಲಿಯರ್ ಶೆಲ್ ಮಾದರಿ ಸಿದ್ಧವಾಯಿತು. ಜರ್ಮನಿಯಲ್ಲಿ ಹಾನ್ಸ್ ಯೆನ್ಸನ್ ಕೂಡ ಸ್ವತಂತ್ರವಾಗಿ ಅದೇ ಉತ್ತರ ಕಂಡುಕೊಂಡಿದ್ದರು. ಇಬ್ಬರೂ ಜಗಳಕ್ಕೆ ನಿಲ್ಲಲಿಲ್ಲ, ಸೇರಿ ಪುಸ್ತಕ ಬರೆದರು.

ಸ್ಯಾನ್ ಡಿಯಾಗೋದಲ್ಲಿ ಪೂರ್ಣ ಸಂಬಳದ ಪ್ರಾಧ್ಯಾಪಕ ಹುದ್ದೆ ಅವರಿಗೆ ಸಿಕ್ಕಿದ್ದು 1960ರಲ್ಲಿ, ಪಿಎಚ್‌ಡಿ ಆಗಿ ಮೂವತ್ತು ವರ್ಷಕ್ಕೆ. ಅಲ್ಲಿಗೆ ಹೋದ ಸ್ವಲ್ಪ ದಿನಕ್ಕೇ ಪಾರ್ಶ್ವವಾಯು ಬಡಿಯಿತು, ಆದರೂ ಪಾಠ ನಿಲ್ಲಿಸಲಿಲ್ಲ. ಅದೇ 1960ರಲ್ಲಿ ಮೊದಲ ಲೇಸರ್ ಬಂತು. ಮರುವರ್ಷವೇ ಕೈಸರ್ ಮತ್ತು ಗ್ಯಾರೆಟ್ ಅದರ ಬೆಳಕಿನಿಂದ ಎರಡು ಫೋಟಾನುಗಳ ಹೀರುವಿಕೆಯನ್ನು ಪ್ರಯೋಗದಲ್ಲಿ ತೋರಿಸಿದರು. ಮೂವತ್ತು ವರ್ಷದ ಹಿಂದಿನ ಲೆಕ್ಕ ಸರಿಯಿತ್ತು! ಈಗ ಆ ಹೀರುವಿಕೆಯನ್ನು ಅಳೆಯುವ ಮಾನಕ್ಕೆ ಅವರದೇ ಹೆಸರು.

1963ರಲ್ಲಿ ಶೆಲ್ ಮಾದರಿಗಾಗಿ ನೊಬೆಲ್ ಬಂತು. ಮೇರಿ ಕ್ಯೂರಿ ನಂತರ ಭೌತಶಾಸ್ತ್ರದಲ್ಲಿ ಅದನ್ನು ಪಡೆದ ಎರಡನೇ ಮಹಿಳೆ ಇವರು. 1972ರ ಫೆಬ್ರವರಿ 20ರಂದು ತೀರಿಕೊಂಡರು. ಮೂರನೇ ಮಹಿಳೆಗಾಗಿ ಜಗತ್ತು 2018ರವರೆಗೆ ಕಾಯಬೇಕಾಯಿತು. ಅವರು ಡೋನಾ ಸ್ಟ್ರಿಕ್‌ಲ್ಯಾಂಡ್. ಫೆಮ್ಟೊಸೆಕೆಂಡ್ ಲೇಸರಿಗೆ ಇವತ್ತಿನ ಶಕ್ತಿ ತಂದ ತಂತ್ರವನ್ನು 1985ರಲ್ಲಿ ಜೆರಾರ್ ಮೂರು ಜೊತೆ ಕಂಡುಹಿಡಿದವರು. ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಅವರು ಮರಿಯಾ ಅವರ ಕೆಲಸವನ್ನು ಉಲ್ಲೇಖಿಸಿದ್ದರು.

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಾವೆಲ್ಲ ಮೊದಲು ಕೇಳೋದು ಪ್ಯಾಕೇಜ್ ಎಷ್ಟು ಅಂತ. ಅದು ತಪ್ಪಲ್ಲ. ಸಂಬಳವಿಲ್ಲದೆ ದುಡಿಸಿಕೊಂಡದ್ದು ಮರಿಯಾಗೆ ಆದ ಅನ್ಯಾಯವೇ, ಅದನ್ನು ನಾವು ತ್ಯಾಗ ಅಂತ ಹೊಗಳಬೇಕಾಗಿಲ್ಲ. ಆದರೆ ಉಪಯೋಗ ಏನು ಅಂತ ಯಾರೂ ಹೇಳಲಾಗದ ಒಂದು ಲೆಕ್ಕವನ್ನು ಅವರು ಸರಿಯಾಗಿ ಮಾಡಿಟ್ಟರು. ಅದರಿಂದಲೇ ಇವತ್ತು ಗಾಜಿನೊಳಗೆ ಗೆರೆ ಬೀಳುತ್ತಿದೆ.