ಪಿಯರ್ ಜಾನ್ಸೆನ್

ಶುಕ್ಲಪಕ್ಷದ ಪಂಚಮಿಯ ಸಂಜೆ ಸಣ್ಣ ದೂರದರ್ಶಕವೊಂದರಿಂದ ಚಂದ್ರನ ಆಗ್ನೇಯ ಭಾಗವನ್ನು ನೋಡಿದರೆ, ಸುಮಾರು 200 ಕಿಲೋಮೀಟರ್ ಅಗಲದ ಹಳೆಯ ಕುಳಿಯೊಂದು ನಮ್ಮ ಕಣ್ಣಿಗೆ ಬೀಳುವುದು. ಆಕಾಶದಿಂದ ಬಂದೆರಗಿದ ಬಂಡೆಯ ಹೊಡೆತದಿಂದ ಎಂದೋ ಆದ ಕುಳಿ ಅದು. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಆದರೂ ಆಮೇಲೆ ಬಿದ್ದ ಹೊಡೆತಗಳಿಂದ ಅದರ ಗೋಡೆಗಳು ಸವೆದು ಜೀರ್ಣವಾಗಿವೆ. ಈಶಾನ್ಯದ ಒಡಲಲ್ಲಿ ಫ್ಯಾಬ್ರೀಷಿಯಸ್ ಎಂಬ ಕಿರಿಯ ಕುಳಿಯು ಬಂದು ಕುಳಿತಿದೆ. ಹಿರಿಯ ಕುಳಿಗೆ ಫ್ರಾನ್ಸಿನ ಖಗೋಳ ವಿಜ್ಞಾನಿ ಪಿಯರ್ ಜಾನ್ಸೆನ್ನರ ಹೆಸರನ್ನಿಟ್ಟಿದ್ದಾರೆ.

ಜಾನ್ಸೆನ್ನರು 1824ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದರು. ಎಳೆತನದ ಅಪಘಾತವೊಂದರಿಂದ ಅವರ ಕಾಲು ಊನವಾಯಿತು. ಎಲ್ಲ ಹುಡುಗರಂತೆ ಶಾಲೆಗೆ ಹೋಗುವ ಭಾಗ್ಯ ಅವರಿಗಿರಲಿಲ್ಲ. ಬ್ಯಾಂಕಿನಲ್ಲಿ ದುಡಿದು, ತಡವಾಗಿ ವಿಶ್ವವಿದ್ಯಾನಿಲಯದ ಪದವಿ ಪಡೆದರು.

1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣವಾಯಿತು. ಅದನ್ನು ನೋಡಲು ಅವರು ಆಂಧ್ರದ ಗುಂಟೂರಿಗೆ ಬಂದಿದ್ದರು. (ಅದೇ ದಿನ ನಮ್ಮ ಜಮಖಂಡಿಯಲ್ಲಿ, ವಿಲಿಯಂ ಹರ್ಷೆಲರ ಮರಿಮಗನಲ್ಲ, ಮೊಮ್ಮಗನಾದ ಜಾನ್ ಹರ್ಷೆಲರು ಮೋಡಗಳ ಸಂದಿನಿಂದ ಗ್ರಹಣವನ್ನು ನೋಡುತ್ತಿದ್ದರು.) ಸೂರ್ಯನ ಅಂಚಿನಿಂದ ಚಾಚುವ ಕೆಂಪು ಜ್ವಾಲೆಗಳು ಗ್ರಹಣದ ಕೆಲವು ನಿಮಿಷ ಮಾತ್ರ ಕಾಣುತ್ತಿದ್ದವು. ಜಾನ್ಸೆನ್ನರು ಆ ಬೆಳಕನ್ನು ವರ್ಣಪಟಲವಾಗಿ ಒಡೆದು ನೋಡಿದಾಗ ಕೆಲವೇ ಉಜ್ವಲ ರೇಖೆಗಳು ಕಂಡವು. ಜ್ವಾಲೆಗಳು ಅನಿಲವೆಂದೂ, ಮುಖ್ಯವಾಗಿ ಜಲಜನಕವೆಂದೂ ತಿಳಿಯಿತು. ಗ್ರಹಣವಿಲ್ಲದಾಗಲೂ ಇವು ಏಕೆ ಕಾಣಬಾರದು? ಬಿಸಿಲನ್ನು ಪಟ್ಟಕವು ಅಗಲವಾಗಿ ಹರಡಿ ಮಂಕಾಗಿಸುತ್ತದೆ. ಜ್ವಾಲೆಯ ಬೆಳಕಾದರೋ ಕೆಲವೇ ರೇಖೆಗಳಲ್ಲಿ ನಿಂತಿರುವುದರಿಂದ ಮಂಕಾಗುವುದಿಲ್ಲ. ಆ ಮಧ್ಯಾಹ್ನ ಮೋಡ ಕವಿಯಿತು. ಮರುದಿನ ಬೆಳಿಗ್ಗೆ ಬರಿಯ ಬಿಸಿಲಿನಲ್ಲಿಯೇ ರೇಖೆಗಳು ಕಾಣಿಸಿಕೊಂಡವು!

ಇಂಗ್ಲೆಂಡಿನ ಲಾಕಿಯರರೂ ಅಕ್ಟೋಬರದಲ್ಲಿ ಸ್ವತಂತ್ರವಾಗಿ ಅದನ್ನೇ ಸಾಧಿಸಿದರು. ಫ್ರಾನ್ಸ್ ಸರಕಾರವು 1872ರಲ್ಲಿ ಇಬ್ಬರ ಮುಖಗಳೂ ಉಳ್ಳ ಪದಕವನ್ನು ಹೊರಡಿಸಿತು. ಜಾನ್ಸೆನ್ನರು ಗುಂಟೂರಿನಲ್ಲಿ ಹೀಲಿಯಂ ಕಂಡುಹಿಡಿದರೆಂದು ಹಲವು ಪುಸ್ತಕಗಳಲ್ಲಿ ಓದುತ್ತೇವೆ. ಹಳದಿ ರೇಖೆಯೊಂದು ಹೊಸ ಧಾತುವಿನದೆಂದು ವಾದಿಸಿದವರು ಲಾಕಿಯರರು. ಜಾನ್ಸೆನ್ನರ ಕೀರ್ತಿಗೆ ಅವರ ವಿಧಾನವೇ ಸಾಕೆಂದು ನಮಗೆ ತೋರುತ್ತದೆ.

1870ರ ಡಿಸೆಂಬರಿನಲ್ಲಿ ಪ್ರಷ್ಯದ ಸೈನ್ಯವು ಪ್ಯಾರಿಸ್ಸನ್ನು ಮುತ್ತಿದ್ದಾಗ, ಅವರು ಬಲೂನನ್ನೇರಿ ಶತ್ರುಗಳ ತಲೆಯ ಮೇಲಿಂದ ಪಾರಾಗಿ, ಗ್ರಹಣವನ್ನು ನೋಡಲು ಅಲ್ಜೀರಿಯದ ಓರಾನ್ ನಗರಕ್ಕೆ ಹೋದರು. ಅಲ್ಲಿ ಮೋಡ ಮುಚ್ಚಿ ಏನೂ ಕಾಣಲಿಲ್ಲ.

ಮುಪ್ಪಿನಲ್ಲಿಯೂ ಅವರ ಉತ್ಸಾಹ ತಗ್ಗಲಿಲ್ಲ. ಸುಮಾರು 4,800 ಮೀಟರ್ ಎತ್ತರದ ಮೌಂಟ್ ಬ್ಲಾಂಕ್ ಶಿಖರದ ಹಿಮದ ಮೇಲೆ 1893ರಲ್ಲಿ ವೀಕ್ಷಣಾಲಯವನ್ನು ಕಟ್ಟಿಸಿದರು. ನಡೆಯಲಾರದ ಅವರನ್ನು ಕೂಲಿಗಳು ಜಾರುಬಂಡಿಯಲ್ಲಿ ಎಳೆದೊಯ್ದರು. ಆಗ ಅವರಿಗೆ 69 ವರ್ಷ. 1907ರಲ್ಲಿ ಅವರು ತೀರಿಕೊಂಡರು. ಹಿಮದಲ್ಲಿ ಹೂತುಹೋಗುತ್ತಿದ್ದ ಆ ವೀಕ್ಷಣಾಲಯವನ್ನು 1909ರಲ್ಲಿ ಕೆಡವಿದರು.